ದುಡ್ಡು ಒಂದು ಕಡೆ, ದುಡಿಯುವವರು ಇನ್ನೊಂದು ಕಡೆ

2023-24ನೇ ಸಾಲಿನ ಬಗ್ಗೆ ಎರಡು ಲೆಕ್ಕಗಳಿವೆ. ಮೊದಲನೆಯದು 2025ರ ಜನವರಿಯಲ್ಲಿ ಸಂಸತ್ತಿನ ಮುಂದೆ ಬಂದ ಆರ್ಥಿಕ ಸಮೀಕ್ಷೆಯದು. ಆ ವರ್ಷ ದೊಡ್ಡ ಕಂಪನಿಗಳ ಲಾಭ ಶೇ. 22.3ರಷ್ಟು ಏರಿತು, ಅಲ್ಲಿನ ನೌಕರರ ಸಂಖ್ಯೆ ಏರಿದ್ದು ಶೇ. 1.5 ಮಾತ್ರ ಎಂದು ಅದು ಹೇಳಿತು. ಎರಡನೆಯದು ದುಡಿಮೆ, ಉತ್ಪಾದಕತೆಗಳ ಬಗ್ಗೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ 'ಕ್ಲೆಮ್ಸ್' (KLEMS) ಲೆಕ್ಕ. ಅದರ ಪ್ರಕಾರ ಅದೇ ವರ್ಷ ದೇಶದಲ್ಲಿ ದುಡಿಯುವವರ ಸಂಖ್ಯೆ 4.67 ಕೋಟಿ ಹೆಚ್ಚಿ 64.33 ಕೋಟಿ ಮುಟ್ಟಿತು.

ಒಬ್ಬರು ಮೊದಲನೆಯದನ್ನು ಹಿಡಿದು 'ಕೆಲಸವೇ ಇಲ್ಲ' ಅಂದರೆ, ಇನ್ನೊಬ್ಬರು ಎರಡನೆಯದನ್ನು ಹಿಡಿದು 'ಕೆಲಸಕ್ಕೇನು ಬರ' ಅನ್ನುತ್ತಾರೆ. ಟಿವಿ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಎರಡೂ ಸುಳ್ಳಲ್ಲ. ಒಂದು ಷೇರುಪೇಟೆಯಲ್ಲಿರುವ ಕಂಪನಿಗಳನ್ನು ನೋಡುತ್ತದೆ. ಇನ್ನೊಂದು ಹೊಲ, ಗೂಡಂಗಡಿ, ಕಟ್ಟಡದ ಕೆಲಸ, ಸಾಫ್ಟ್‌ವೇರ್, ಬ್ಯಾಂಕು ಎಲ್ಲವನ್ನೂ ಸೇರಿಸಿ 27 ವಲಯಗಳಾಗಿ ವಿಂಗಡಿಸಿ ನೋಡುತ್ತದೆ. ನಿಜವಾದ ತೊಡಕು ಇರುವುದು ಈ ಎರಡರ ನಡುವಿನ ಜಾಗದಲ್ಲಿ. ಅದು ಹೇಗೆ ಹುಟ್ಟಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1951ರ ಹೊತ್ತಿಗೆ ದುಡಿಯುವ ನೂರು ಜನರಲ್ಲಿ 70ರ ಆಸುಪಾಸು ಬೇಸಾಯದಲ್ಲಿದ್ದರು. ದೇಶದ ವರಮಾನದ ಅರ್ಧದಷ್ಟು ಬರುತ್ತಿದ್ದುದೂ ಅಲ್ಲಿಂದಲೇ. 2023-24ಕ್ಕೆ ವರಮಾನದಲ್ಲಿ ಬೇಸಾಯದ ಪಾಲು ಶೇ. 18ರ ಆಸುಪಾಸಿಗೆ ಇಳಿದಿತ್ತು. ಆದರೆ ದುಡಿಯುವವರಲ್ಲಿ ಅದರ ಪಾಲು ಇನ್ನೂ ಶೇ. 46 ಇತ್ತು. ಪಾಲು ಹಾಕಿ ನೋಡಿದರೆ, ಬೇಸಾಯದಲ್ಲಿರುವವರ ತಲಾ ಹುಟ್ಟುವಳಿಗಿಂತ ಬೇರೆ ಕಡೆ ದುಡಿಯುವವರದು ಸುಮಾರು ನಾಲ್ಕು ಪಟ್ಟು. ದುಡ್ಡು ಹೊಲ ಬಿಟ್ಟು ಹೋಯಿತು, ಜನ ಅಲ್ಲೇ ಉಳಿದರು.

ಬೇರೆ ದೇಶಗಳಲ್ಲಿ ಜನ ಹೊಲ ಬಿಟ್ಟು ಕಾರ್ಖಾನೆಗೆ ಹೋದರು. ನಮ್ಮಲ್ಲಿ ಕಾರ್ಖಾನೆಗಳು ಬಂದವು, ಆದರೆ ಜನರನ್ನು ಜಾಸ್ತಿ ಬೇಡದಂಥವು ಬಂದವು. 1956ರ ಎರಡನೇ ಪಂಚವಾರ್ಷಿಕ ಯೋಜನೆ ಉಕ್ಕು, ಯಂತ್ರ, ವಿದ್ಯುತ್ತಿಗೆ ಒತ್ತು ಕೊಟ್ಟಿತು. ಎಚ್ಎಎಲ್, ಐಟಿಐ, ಎಚ್ಎಂಟಿ, ಬಿಇಎಲ್‌ಗಳು ಬೆಂಗಳೂರಿಗೆ ಕ್ವಾರ್ಟರ್ಸ್, ಶಾಲೆ, ಕ್ಯಾಂಟೀನು, ಸೈರನ್ನು ಎಲ್ಲ ಕೊಟ್ಟವು. ಅಲ್ಲಿ ಕೆಲಸ ಸಿಕ್ಕವನ ಮನೆ ಮೂರು ತಲೆಮಾರು ನೆಮ್ಮದಿ ಕಂಡಿತು. ಸಿಗದವರೇ ಬಹಳ ಜನ.

ಜನರಿಗೆ ಕೆಲಸ ಕೊಡುವ ಹೊಣೆ ಸಣ್ಣ ಕೈಗಾರಿಕೆಗಳ ಮೇಲೆ ಬಿತ್ತು. ಇಂಥಿಂಥ ವಸ್ತುಗಳನ್ನು ಸಣ್ಣ ಘಟಕಗಳೇ ಮಾಡಬೇಕು ಎಂಬ ಪಟ್ಟಿ 1967ರಲ್ಲಿ 47 ವಸ್ತುಗಳಿಂದ ಶುರುವಾಗಿ, ಮುಂದೆ 800 ದಾಟಿತು. ಉದ್ದೇಶ ಒಳ್ಳೆಯದೇ. ಆದರೆ ಬೆಳೆದರೆ ಪಟ್ಟಿಯಿಂದ ಹೊರಗೆ, ಸಬ್ಸಿಡಿ ಹೋಯಿತು ಅನ್ನುವಾಗ ಯಾರು ಬೆಳೆಯುತ್ತಾರೆ? ಒಂದೇ ಮಾಲೀಕರು ನಾಲ್ಕು ಹೆಸರಲ್ಲಿ ನಾಲ್ಕು ಘಟಕ ತೆರೆಯುವುದು ಮಾಮೂಲಾಯಿತು. 1976ರಲ್ಲಿ ಇನ್ನೊಂದು ಗೆರೆ ಬಂತು. 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಆಳು ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕಾಯಿತು. 1982ರ ತಿದ್ದುಪಡಿ ಆ ಗೆರೆಯನ್ನು 100ಕ್ಕೆ ಇಳಿಸಿತು. ಅದೇ ವರ್ಷ ಮುಂಬೈಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕಿಳಿದರು. ಆ ಗಿರಣಿಗಳಲ್ಲಿ ಹೆಚ್ಚಿನವು ಮತ್ತೆ ಮೊದಲಿನಂತೆ ಓಡಲಿಲ್ಲ.

ಈ ಕಾನೂನುಗಳಿಂದಲೇ ಎಲ್ಲ ಕೆಟ್ಟಿತು ಅನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಹಾಗೇನಿಲ್ಲ, ಮಾಲೀಕರು ಅಡ್ಡದಾರಿ ಕಂಡುಕೊಂಡರು ಅನ್ನುವವರೂ ಇದ್ದಾರೆ. ಎರಡನೆಯವರ ಮಾತಿಗೆ ಒಂದು ಗಟ್ಟಿ ಸಾಕ್ಷಿ ಇದೆ. ನೋಂದಾಯಿತ ಕಾರ್ಖಾನೆಗಳಲ್ಲಿ ಗುತ್ತಿಗೆ ಕಾರ್ಮಿಕರು 2000ದ ಹೊತ್ತಿಗೆ ಐದರಲ್ಲಿ ಒಬ್ಬರಿದ್ದರು. 2023-24ಕ್ಕೆ ನೂರರಲ್ಲಿ 42. ಗುತ್ತಿಗೆಯವರನ್ನು ತೆಗೆಯಲು ಯಾರ ಅನುಮತಿ ಬೇಕು ಹೇಳಿ!

1991ರಲ್ಲಿ, ಉದ್ಯಮ ಹೂಡಲು ಸರ್ಕಾರದ ಪರವಾನಗಿಗೆ ಕಾಯಬೇಕಿದ್ದ ಲೈಸೆನ್ಸ್ ರಾಜ್ಯ ಮುಗಿಯಿತು. ಬಾಗಿಲು ತೆರೆದಾಗ ಮೊದಲು ಓಡಿದ್ದು ಸಾಫ್ಟ್‌ವೇರ್. ಇವತ್ತು ಆ ಉದ್ಯಮ ದೇಶದ ವರಮಾನಕ್ಕೆ ಕೊಡುವುದು ಶೇ. 7ರ ಆಸುಪಾಸು, ಕೆಲಸ ಕೊಟ್ಟಿರುವುದು ಐವತ್ತು ಲಕ್ಷಕ್ಕೂ ಮಿಕ್ಕಿ ಜನರಿಗೆ. ಅಂದರೆ ದುಡಿಯುವ ನೂರರಲ್ಲಿ ಒಬ್ಬರಿಗೂ ಕಮ್ಮಿ. ಬೆಂಗಳೂರಿನಲ್ಲಿ ಕೂತವರಿಗೆ ಇದು ಮರೆತೇ ಹೋಗುತ್ತದೆ, ಅಲ್ವಾ?

ಆದರೆ ಇದೇ ಬೆಂಗಳೂರಿನಲ್ಲಿ ಇನ್ನೊಂದು ಉದ್ಯಮ ಬೆಳೆಯಿತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಹೊಸೂರು ರಸ್ತೆಯ ಗಾರ್ಮೆಂಟ್ಸ್. ಈ ಕಥೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಯಾಕೆಂದರೆ ಹೊಲದಿಂದ ನೇರವಾಗಿ ಕಾರ್ಖಾನೆಗೆ ಬರುವ ದಾರಿ ನಮ್ಮಲ್ಲಿ ನಿಜವಾಗಿ ತೆರೆದದ್ದು ಇಲ್ಲಿ. ಅದೂ ಹೆಣ್ಣುಮಕ್ಕಳಿಗೆ.

ಸಿದ್ಧ ಉಡುಪು ಬಹುಕಾಲ ಸಣ್ಣ ಕೈಗಾರಿಕೆಯ ಪಟ್ಟಿಯಲ್ಲಿತ್ತು. ರಫ್ತು ಮಾಡುವವರಿಗೆ ವಿನಾಯಿತಿ ಇದ್ದದ್ದರಿಂದ ಬೆಂಗಳೂರಿನಲ್ಲಿ ಒಂದಷ್ಟು ದೊಡ್ಡ ಘಟಕಗಳು ಮೊದಲೇ ಬಂದಿದ್ದವು. 2001ರಲ್ಲಿ ನೇಯ್ದ ಬಟ್ಟೆಯ ಉಡುಪನ್ನು ಪಟ್ಟಿಯಿಂದ ತೆಗೆದರು. 2005ರ ಜನವರಿ 1ಕ್ಕೆ ಜಾಗತಿಕ ಕೋಟಾ ಪದ್ಧತಿ ಕೊನೆಗೊಂಡಿತು. ಅಲ್ಲಿಯವರೆಗೆ ಅಮೆರಿಕ, ಯುರೋಪು ಯಾವ ದೇಶದಿಂದ ಎಷ್ಟು ಅಂಗಿ ಕೊಳ್ಳಬೇಕು ಅಂತ ಮಿತಿ ಹಾಕುತ್ತಿದ್ದವು. ಮಿತಿ ಹೋದಾಗ ಇನ್ನು ಗೆಲ್ಲುವುದು ಚೀನಾ ಮತ್ತು ಭಾರತ ಎಂದು ಬಹಳ ಜನ ನಂಬಿದ್ದರು. ಮಂಡ್ಯ, ರಾಮನಗರ, ತುಮಕೂರು, ಕೋಲಾರದ ಹಳ್ಳಿಗಳ ಹೆಂಗಸರು ಬೆಳಗಿನ ಬಸ್ಸು, ಟೆಂಪೋ ಹತ್ತಿದರು. ಮದುವೆಯಾಗಿ ಬಂದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದವರೂ ಲಕ್ಷಗಟ್ಟಲೆ. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಕೆಲವರು ಚೆಕಿಂಗ್‌ಗೆ ಹೋದರು. ಸೂಪರ್‌ವೈಸರ್ ಆದವರು ಕಮ್ಮಿ. ಆ ಕುರ್ಚಿಯಲ್ಲಿ ಹೆಚ್ಚಾಗಿ ಗಂಡಸರೇ.

ಉತ್ಪಾದಕತೆ ಎಂಬ ಪದ ಇಲ್ಲಿ ಬರೀ ಪುಸ್ತಕದ್ದಲ್ಲ, ಅದು ಬೋರ್ಡಿನ ಮೇಲೆ ಗಂಟೆಗಂಟೆಗೂ ಬರೆಯುವ ಟಾರ್ಗೆಟ್. ಒಂದು ಅಂಗಿ ಹೊಲಿಯಲು ಇಷ್ಟು ನಿಮಿಷ ಎಂದು ಮೊದಲೇ ಲೆಕ್ಕ ಕಟ್ಟಿರುತ್ತಾರೆ. 20 ನಿಮಿಷ ಅಂದುಕೊಳ್ಳಿ. ಒಂದು ಲೈನಿನಲ್ಲಿ 40 ಜನ, ದಿನಕ್ಕೆ 480 ನಿಮಿಷ. ಲೆಕ್ಕದ ಪ್ರಕಾರ 960 ಅಂಗಿ ಆಗಬೇಕು. ಆದದ್ದು 480 ಅಂದರೆ ಲೈನಿನ ಕಾರ್ಯಕ್ಷಮತೆ ಶೇ. 50. ಕಾಲರ್ ಕೂರಿಸುವವಳು ರಜೆ ಹಾಕಿದರೆ ಲೈನು ನಿಲ್ಲುತ್ತದೆ. ಬಟನ್ ತಡವಾಗಿ ಬಂದರೂ ನಿಲ್ಲುತ್ತದೆ, ಕರೆಂಟ್ ಹೋದರೂ ನಿಲ್ಲುತ್ತದೆ. ಬೈಗುಳ ಮಾತ್ರ ಯಾವಾಗಲೂ ಮಿಷನ್ ಮುಂದೆ ಕೂತವಳಿಗೆ.

ಇದರಲ್ಲೊಂದು ಸೂಕ್ಷ್ಮ ಇದೆ. ಕಾರ್ಖಾನೆಯ ಉತ್ಪಾದಕತೆ ಪೀಸಿನಲ್ಲಿ. ದೇಶದ ಲೆಕ್ಕದ ಉತ್ಪಾದಕತೆ ರೂಪಾಯಿಯಲ್ಲಿ. ಮೊದಲು ಗಂಟೆಗೆ 60 ಪೀಸ್ ಕೊಡುತ್ತಿದ್ದ ಲೈನು ಈಗ 70 ಕೊಡಬಹುದು. ಆದರೆ ಕೊಳ್ಳುವ ಬ್ರ್ಯಾಂಡು ಅದೇ ಹೊತ್ತಿಗೆ ಪೀಸಿನ ಬೆಲೆ ಇಳಿಸಿದರೆ? ಆಕೆ ಜಾಸ್ತಿ ಹೊಲಿದರೂ ಪುಸ್ತಕದಲ್ಲಿ ಅವಳ ಹುಟ್ಟುವಳಿ ಏರುವುದೇ ಇಲ್ಲ. 'ನಮ್ಮ ಕಾರ್ಮಿಕರ ಉತ್ಪಾದಕತೆ ಕಮ್ಮಿ, ಅದಕ್ಕೇ ಕೂಲಿ ಕಮ್ಮಿ' ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಬೆಲೆ ಕಟ್ಟುವವರು ಬೇರೆಲ್ಲೋ ಕೂತಿರುವಾಗ ಆ ಮಾತನ್ನು ತಿರುಗಿಸಿಯೂ ಓದಬಹುದು.

ಅಂದುಕೊಂಡಷ್ಟು ಆರ್ಡರ್ ಭಾರತಕ್ಕೆ ಬರಲಿಲ್ಲ. ಅತಿ ಹಿಂದುಳಿದ ದೇಶ ಎಂಬ ಕಾರಣಕ್ಕೆ ಬಾಂಗ್ಲಾದೇಶದ ಬಟ್ಟೆಗೆ ಯುರೋಪಿನಲ್ಲಿ ಸುಂಕ ಇರಲಿಲ್ಲ, ನಮ್ಮದಕ್ಕೆ ಇತ್ತು. ಜಗತ್ತು ಪಾಲಿಯೆಸ್ಟರ್ ಕಡೆ ತಿರುಗುವಾಗ ನಾವು ಹತ್ತಿಗೇ ಅಂಟಿಕೊಂಡಿದ್ದೆವು. ಈಗ ಬಾಂಗ್ಲಾದೇಶದ ಉಡುಪು ರಫ್ತು ನಮ್ಮ ಎರಡು ಪಟ್ಟಿಗಿಂತ ಜಾಸ್ತಿ. ಬೆಂಗಳೂರಿನಲ್ಲಿ ಬಾಡಿಗೆ ಏರಿದಂತೆ ಹೊಸ ಘಟಕಗಳು ದೊಡ್ಡಬಳ್ಳಾಪುರ, ಮದ್ದೂರು, ಹಾಸನದ ಕಡೆ ಹೋದವು.

2016ರ ಏಪ್ರಿಲ್‌ನಲ್ಲಿ ಇದೇ ಹೆಂಗಸರನ್ನು ದೇಶ ಒಮ್ಮೆ ತಿರುಗಿ ನೋಡಿತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಆ ಫೆಬ್ರವರಿಯಲ್ಲಿ ಕೇಂದ್ರ ಹೊಸ ನಿಯಮ ತಂದಿತ್ತು. ಏಪ್ರಿಲ್ 18, 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು. ದೊಡ್ಡ ಯೂನಿಯನ್ನು ಕರೆ ಕೊಟ್ಟದ್ದಲ್ಲ, ಬಾಯಿಂದ ಬಾಯಿಗೆ ಹರಡಿದ್ದು. ಹೊಸೂರು ರಸ್ತೆ ನಿಂತಿತು, ಬಸ್ಸುಗಳು ಸುಟ್ಟವು, ಲಾಠಿ ಬೀಸಿತು. ಎರಡನೇ ದಿನವೇ ನಿಯಮ ವಾಪಸ್ಸಾಯಿತು. ಐಟಿ ಊರಿನವರಿಗೆ ಇದು ಟ್ರಾಫಿಕ್ ಜಾಮ್. ಹೆಂಗಸರಿಗೆ ಮಗಳ ಮದುವೆಯ, ಸಾಲ ತೀರಿಸುವ ದುಡ್ಡು. ಕೂಲಿ ಕಮ್ಮಿ ಇರುವ ಕಡೆ ಪಿಎಫ್ ಮುಪ್ಪಿಗೆ ಅಂತ ಉಳಿಯುವುದಿಲ್ಲ. ಐದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು, ಪಿಎಫ್ ತೆಗೆದು, ಪಕ್ಕದ ಕಾರ್ಖಾನೆಗೆ ಹೊಸದಾಗಿ ಸೇರುವುದು ಇಲ್ಲಿ ಮಾಮೂಲು. ಐದು ವರ್ಷ ತುಂಬಿಸಿದವರಿಗೆ ಸಿಗುವ ಗ್ರಾಚ್ಯುಟಿ ತಪ್ಪಿಹೋಗುತ್ತದೆ. ಕಾರ್ಖಾನೆಗೂ ಪಳಗಿದ ಕೈ ತಪ್ಪುತ್ತದೆ. ಮತ್ತೆ ಕಾರ್ಯಕ್ಷಮತೆ ಕಮ್ಮಿ ಅನ್ನುವ ದೂರು ಬರುತ್ತದೆ.

ಇತ್ತ ಲೆಕ್ಕದ ಜಗಳವೂ ನಡೆದೇ ಇತ್ತು. 2004-05ರಿಂದ 2009-10ರವರೆಗೆ ಬೆಳವಣಿಗೆ ಜೋರಾಗಿತ್ತು, ಆದರೆ 2009-10ರ ಸಮೀಕ್ಷೆಯಲ್ಲಿ ಕೆಲಸ ಹೆಚ್ಚಿದ್ದು ಬಹಳ ಕಮ್ಮಿ. ಅದು ಬರದ ವರ್ಷ ಎಂದು ಸರ್ಕಾರ 2011-12ರಲ್ಲಿ ಮತ್ತೆ ಸಮೀಕ್ಷೆ ಮಾಡಿಸಿತು. 2017-18ರ ವರದಿ ನಿರುದ್ಯೋಗ ಶೇ. 6.1 ಎಂದಾಗ ಅದನ್ನು ತಡೆಹಿಡಿದರು. ಪತ್ರಿಕೆಗೆ ಸೋರಿಕೆಯಾಗಿ, ಕೊನೆಗೆ ಚುನಾವಣೆ ಮುಗಿದ ಮೇಲೆ 2019ರ ಮೇ 31ರಂದು ಹೊರಬಂತು. ಆ ನಡುವೆ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟಿದ್ದರು. ಕುರ್ಚಿಯಲ್ಲಿ ಯಾರೇ ಇರಲಿ, ಕೆಲಸದ ಲೆಕ್ಕ ಅವರಿಗೆ ಹಿಡಿಸುವುದು ಅಪರೂಪ.

ಆ ಜಗಳದಲ್ಲಿ ಮುಚ್ಚಿಹೋದ ಒಂದು ಒಳ್ಳೆಯ ಸುದ್ದಿಯೂ ಇತ್ತು. 2004-05ರಿಂದ 2011-12ರೊಳಗೆ ಬೇಸಾಯದಲ್ಲಿರುವವರ ಸಂಖ್ಯೆ ಮೊದಲ ಸಲ ನಿಜವಾಗಿ ಇಳಿಯಿತು, ಮೂರು ಕೋಟಿಗೂ ಮಿಕ್ಕಿ. ಹೋದದ್ದು ಹೆಚ್ಚಾಗಿ ಕಟ್ಟಡದ ಕೆಲಸಕ್ಕೆ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬಂದು ತಗಡಿನ ಶೆಡ್ಡಿನಲ್ಲಿ ಉಳಿದವರು ಈ ಲೆಕ್ಕದೊಳಗಿನ ಜನ. ಕೂಲಿ ಹೊಲಕ್ಕಿಂತ ಜಾಸ್ತಿ. ಆದರೆ ಅದೂ ಕಾರ್ಖಾನೆಯಲ್ಲ. ತಯಾರಿಕೆಯಲ್ಲಿ ಇರುವವರ ಪಾಲು 2011-12ರಲ್ಲಿ ಶೇ. 12.6 ಇತ್ತು, 2023-24ರಲ್ಲಿ ಶೇ. 11.4. 2022ಕ್ಕೆ 10 ಕೋಟಿ ಹೊಸ ಕೆಲಸ ಎಂದು 2011ರ ತಯಾರಿಕಾ ನೀತಿ ಹೇಳಿತ್ತು. 2014ರಲ್ಲಿ ಮೇಕ್ ಇನ್ ಇಂಡಿಯಾ ಬಂತು. ಪಾಲು ಮಾತ್ರ ಏರಲಿಲ್ಲ.

ನೋಟು ರದ್ದತಿ, ಜಿಎಸ್‌ಟಿ, ಕೊರೋನಾ ಒಂದರ ಹಿಂದೆ ಒಂದು ಬಂದದ್ದು ಎಲ್ಲರಿಗೂ ಗೊತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೋದವರು ಹೊಲಕ್ಕೇ ಇಳಿದರು. ಬೇಸಾಯದ ಪಾಲು 2018-19ರಲ್ಲಿ ಶೇ. 42.5ಕ್ಕೆ ಇಳಿದಿದ್ದದ್ದು ಮರುವರ್ಷ ಶೇ. 45.6 ಆಯಿತು. ಕೊರೋನಾ ಹೋದ ಮೇಲೂ, 2023-24ರವರೆಗೆ ಅದು ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವವರ ಪಾಲು 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7 ಆಯಿತು. ಕೇಳಲು ಚೆನ್ನಾಗಿದೆ. ಆದರೆ ದುಡಿಯುವ ಗಂಡಸರು ಹೆಂಗಸರು ಎಲ್ಲರಲ್ಲಿ, ಸಂಬಳವಿಲ್ಲದೆ ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ಕೈಜೋಡಿಸುವವರ ಪಾಲೂ ಅದೇ ಅವಧಿಯಲ್ಲಿ ಶೇ. 13.6ರಿಂದ 19.4ಕ್ಕೆ ಹೋಗಿದೆ. ಸಮೀಕ್ಷೆಯಲ್ಲಿ ವರ್ಷಕ್ಕೆ 30 ದಿನ ಇಂಥ ಕೆಲಸ ಮಾಡಿದರೂ ಆಕೆ ದುಡಿಯುವವಳೇ. ಹೊಲದಲ್ಲಿ ಕಳೆ ಕೀಳುವುದು ಕೆಲಸವಲ್ಲ ಅಂತ ಯಾರೂ ಹೇಳಲಾರರು. ಆದರೆ ಪಿಎಫ್‌ಗಾಗಿ ಬೀದಿಗಿಳಿದವಳ ಕೆಲಸವೂ ಇದೂ ಒಂದೇ ಅಂಕಣದಲ್ಲಿ ಕೂಡಿ 4.67 ಕೋಟಿ ಆಗುವಾಗ ಸ್ವಲ್ಪ ತಡೆದು ನೋಡಬೇಕಾಗುತ್ತದೆ. ಆ ಕೂಡುವ ಲೆಕ್ಕಕ್ಕೂ ಅಂದಾಜಿನ ಜನಸಂಖ್ಯೆಯೇ ಆಧಾರ. 2011ರ ನಂತರದ ಜನಗಣತಿಯ ಅಂಕಿ ಅದಕ್ಕೆ ಸಿಕ್ಕಿರಲಿಲ್ಲ.

ಅಂಗಡಿ, ವರ್ಕ್‌ಶಾಪ್, ಹೋಟೆಲು, ಟೈಲರಿಂಗ್‌ನಂಥ, ಕಂಪನಿಯಾಗಿ ನೋಂದಣಿಯಾಗದ ಘಟಕಗಳ ಸಮೀಕ್ಷೆಯೂ ಇದೆ. 2023-24ರಲ್ಲಿ ಅಂಥವು 7.34 ಕೋಟಿ, ಅಲ್ಲಿ ದುಡಿಯುವವರು 12.06 ಕೋಟಿ. ಘಟಕಕ್ಕೆ ಇಬ್ಬರೂ ಇಲ್ಲ. ಹೆಚ್ಚಿನ ಕಡೆ ಸಂಬಳದ ಆಳೇ ಇಲ್ಲ, ಒಬ್ಬರೇ ಅಥವಾ ಗಂಡ ಹೆಂಡತಿ ಸೇರಿ ನಡೆಸುವುದು. ಅಲ್ಲಿ ಒಬ್ಬರ ವರ್ಷದ ಹುಟ್ಟುವಳಿ ಸುಮಾರು 1.5 ಲಕ್ಷ ರೂಪಾಯಿ. ಅದೇ ವರ್ಷ ನೋಂದಾಯಿತ ಕಾರ್ಖಾನೆಗಳಲ್ಲಿ 1.95 ಕೋಟಿ ಜನ ದುಡಿದರು, ಒಬ್ಬರ ಹುಟ್ಟುವಳಿ 12 ಲಕ್ಷ ದಾಟಿತು. ನಡುವಿನ ಗಾತ್ರದ, ನೂರಿನ್ನೂರು ಜನರ ಕಾರ್ಖಾನೆಗಳು ನಮ್ಮಲ್ಲಿ ತೀರಾ ಕಮ್ಮಿ. ಸಣ್ಣದು ಬೆಳೆದು ಅಲ್ಲಿಗೆ ಬರಲಿಲ್ಲ. ದೊಡ್ಡದು ಹುಟ್ಟುವಾಗಲೇ ದೊಡ್ಡದಾಗಿ ಹುಟ್ಟಿತು.

2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಉಳಿದ ದುಡ್ಡಿನಲ್ಲಿ ಹೂಡಿಕೆ ಬರುತ್ತದೆ, ಹೂಡಿಕೆಯಿಂದ ಕೆಲಸ ಎಂಬುದು ತರ್ಕ. ಲಾಭ ಬಂತು. ದೇಶದ ವರಮಾನಕ್ಕೆ ಹೋಲಿಸಿದರೆ 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ 15 ವರ್ಷದಲ್ಲೇ ಅತಿ ಹೆಚ್ಚು. ನೌಕರರ ವೆಚ್ಚದ ಏರಿಕೆ ಮಾತ್ರ ಹಿಂದಿನ ವರ್ಷಕ್ಕಿಂತ ನಿಧಾನವಾಯಿತು. ಇದನ್ನು ಹೇಳಿದ್ದು ವಿರೋಧ ಪಕ್ಷವಲ್ಲ, ಸರ್ಕಾರದ ಆರ್ಥಿಕ ಸಮೀಕ್ಷೆಯೇ.

ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ ಕೊಡುವ ಪಿಎಲ್‌ಐ ಯೋಜನೆ 2020ರಲ್ಲಿ ಬಂತು. ಅದರಲ್ಲಿ ಕಣ್ಣಿಗೆ ಕಾಣುವಂತೆ ಕೆಲಸ ಹುಟ್ಟಿಸಿದ್ದು ಮೊಬೈಲ್ ಫೋನ್. ಕೋಲಾರದ ನರಸಾಪುರ, ಈಗ ದೇವನಹಳ್ಳಿ. ಹಾಸ್ಟೆಲಿನಲ್ಲಿದ್ದು ಶಿಫ್ಟಿಗೆ ಹೋಗುವ ಹುಡುಗಿಯರು ಗಾರ್ಮೆಂಟ್ಸ್ ಹೆಂಗಸರ ಮುಂದಿನ ತಲೆಮಾರು. ನರಸಾಪುರದಲ್ಲಿ 2020ರ ಡಿಸೆಂಬರಿನಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾದಾಗ ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಹೊಸ ಉದ್ಯಮ, ಹಳೆಯ ತಕರಾರು.

2025ರ ನವೆಂಬರ್ 21ರಿಂದ, ಹಳೆಯ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಆಳು ತೆಗೆಯಲು ಅನುಮತಿ ಬೇಕೆಂಬ 100ರ ಗೆರೆ ಮತ್ತೆ 300ಕ್ಕೆ ಹೋಗಿದೆ. ನಿಗದಿತ ಅವಧಿಗೆ ನೇರವಾಗಿ ನೇಮಿಸಿಕೊಳ್ಳಲು ದಾರಿ ಆಗಿದೆ, ಅಂಥವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಇದರಿಂದ ಕಾರ್ಖಾನೆಗಳು ದೊಡ್ಡದಾಗುತ್ತವೆ ಎಂದು ಒಂದು ಕಡೆಯವರು, ಕಾಯಂ ಕೆಲಸವೇ ಮಾಯವಾಗುತ್ತದೆ ಎಂದು ಇನ್ನೊಂದು ಕಡೆಯವರು ಈಗಲೇ ತೀರ್ಪು ಕೊಟ್ಟಾಗಿದೆ. ಸುಮ್ನೆ ಅವಸರ. ಸಂಹಿತೆ ಬಂದ ಮೇಲಿನ ಮೊದಲ ಪೂರ್ತಿ ವರ್ಷ 2026-27. 2023-24ರ ಕಾರ್ಖಾನೆ ಸಮೀಕ್ಷೆ ಹೊರಬಿದ್ದದ್ದು 2025ರ ಆಗಸ್ಟಿನಲ್ಲಿ. ಅದೇ ಗತಿಯಾದರೆ, ಗುತ್ತಿಗೆಯವರ ಆ ಶೇ. 42 ಇಳಿಯಿತೋ ಏರಿತೋ ಎಂದು ಗೊತ್ತಾಗುವುದು 2028ರಲ್ಲಿ.