‘ಇಂಡಿಯನ್ ಕುಕಿಂಗ್’ ಅಂತ ಕೊಟ್ಟರೆ ನಮ್ಮ ಅಡುಗೆ ಯಾಕೆ ಬರಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿದ್ದೇನೆ. ನಮ್ಮ ಯೂನಿವರ್ಸಿಟಿ ಲೈಬ್ರರಿಯ ಕ್ಯಾಟಲಾಗ್‌ನಲ್ಲಿ ‘ಸಬ್ಜೆಕ್ಟ್ ಬ್ರೌಸ್’ ಆಯ್ದು ‘ಇಂಡಿಯನ್ ಕುಕಿಂಗ್’ ಅಂತ ಕೊಟ್ಟೆ. ಬಂದದ್ದು ಅಲ್ಲಿನ ಮೂಲನಿವಾಸಿಗಳ ಅಡುಗೆ! ಇದು ಹೇಗೆ?

ಉತ್ತರ: ಅಲ್ಲಿನ ಬಹುಪಾಲು ದೊಡ್ಡ ಲೈಬ್ರರಿಗಳು ಬಳಸುವುದು ವಾಷಿಂಗ್ಟನ್‌ನ ದೊಡ್ಡ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 1898ರಿಂದ ಬೆಳೆಸಿಕೊಂಡು ಬಂದ ವಿಷಯ ಶೀರ್ಷಿಕೆಗಳನ್ನು, ಅಂದರೆ ಪುಸ್ತಕ ಯಾವುದರ ಬಗ್ಗೆ ಅಂತ ತಿಳಿಸಲು ಇಟ್ಟ ಗೊತ್ತಾದ ಹೆಸರುಗಳನ್ನು. ಒಂದು ವಿಷಯಕ್ಕೆ ಒಂದೇ ಹೆಸರು ಅನ್ನುವುದು ಅದರ ಕಟ್ಟಳೆ. ‘ಇಂಡಿಯನ್’ ಅನ್ನುವುದನ್ನು ಬಹಳ ಹಿಂದೆಯೇ ಅಮೆರಿಕದ ಮೂಲನಿವಾಸಿಗಳಿಗೆ ಕೊಟ್ಟಾಗಿತ್ತು. ನಮಗೆ ಉಳಿದದ್ದು ‘ಇಂಡಿಕ್’. ಮನೆಯಲ್ಲಿ ಯಾರೂ ಆಡದ ಮಾತು, ಆದರೆ ನಿಮ್ಮ ಪುಸ್ತಕಗಳಿರುವುದು ‘ಕುಕಿಂಗ್, ಇಂಡಿಕ್’ ಅನ್ನುವುದರ ಕೆಳಗೇ. 2010ರವರೆಗೆ ಅಲ್ಲಿ ‘ಕುಕಿಂಗ್’ ಬದಲು ‘ಕುಕರಿ’ ಅಂತಿತ್ತು. ಕ್ಯಾಟಲಾಗ್‌ನಲ್ಲಿ ಪುಸ್ತಕಗಳ ಹಳೆಯ ದಾಖಲೆ ತಿದ್ದದ ಕಡೆ ಅದನ್ನೂ ನೋಡಿ.

ಕೀವರ್ಡ್ ಹುಡುಕಾಟ ನೀವು ಕೊಟ್ಟ ಪದ ದಾಖಲೆಯಲ್ಲಿ ಎಲ್ಲಿದ್ದರೂ ಹೆಕ್ಕಿ ತರುತ್ತದೆ. ಬ್ರೌಸ್ ಹಾಗಲ್ಲ, ನಿಘಂಟು ತೆರೆದ ಹಾಗೆ ಅಕಾರಾದಿಯಲ್ಲಿ ಆ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಮೊದಲ ಪದವೇ ಬೇರೆಯಾದರೆ ಬೇರೆಲ್ಲೋ ಇಳಿಯುತ್ತೀರಿ.

ಹಾಗಂತ ಶೀರ್ಷಿಕೆಯನ್ನು ಊಹಿಸುತ್ತ ಕೂರಬೇಡಿ. ನಿಮಗೆ ಬೇಕಾದಂಥ ಒಂದು ಪುಸ್ತಕವನ್ನು ಕೀವರ್ಡ್‌ನಿಂದ ಹುಡುಕಿ, ಅದರ ಪೂರ್ತಿ ದಾಖಲೆ ತೆರೆದು ‘ಸಬ್ಜೆಕ್ಟ್ಸ್’ ಅನ್ನುವ ಸಾಲಿನ ಲಿಂಕ್ ಒತ್ತಿ. ಲೈಬ್ರರಿಯವರು ಇಟ್ಟ ಹೆಸರು ಅಲ್ಲೇ ಸಿಗುತ್ತದೆ.

ಕನ್ನಡ ಪುಸ್ತಕ ಹುಡುಕುವವರಿಗಂತೂ ಬ್ರೌಸ್ ದೊಡ್ಡ ಉಪಕಾರ. ಅಲ್ಲಿನ ಹಳೆಯ ದಾಖಲೆಗಳಲ್ಲಿ ಪುಸ್ತಕದ ಹೆಸರು ಹೆಚ್ಚಾಗಿ ರೋಮನ್ ಲಿಪಿಯಲ್ಲಷ್ಟೇ ಇರುತ್ತದೆ. ಕನ್ನಡದಲ್ಲಿ ಟೈಪ್ ಮಾಡಿದರೆ ಕೈಗೆ ಸಿಗುವುದು ಕಡಿಮೆ. ವಿಷಯ ಶೀರ್ಷಿಕೆಗಳು ಮಾತ್ರ ಇಂಗ್ಲಿಷಿನಲ್ಲಿರುತ್ತವೆ. ಬ್ರೌಸ್‌ನಲ್ಲಿ ‘ಕನ್ನಡ’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಕೆಳಗಿಳಿಯಿರಿ: ‘ಕನ್ನಡ ಡ್ರಾಮಾ’, ‘ಕನ್ನಡ ಫಿಕ್ಷನ್’, ‘ಕನ್ನಡ ಲ್ಯಾಂಗ್ವೇಜ್’, ಅದರ ಮುಂದೆ ಅಡ್ಡಗೆರೆ ಹಾಕಿ ‘ಡಿಕ್ಷನರೀಸ್’, ‘ಗ್ರಾಮರ್’, ಆಮೇಲೆ ‘ಕನ್ನಡ ಪೊಯೆಟ್ರಿ’. ನೀವು ಕೇಳಬೇಕು ಅಂತಲೇ ಹೊಳೆಯದ ವಿಷಯಗಳೂ ದಾರಿಯಲ್ಲಿ ಎದುರಾಗುತ್ತವೆ. ನನ್ನ ಮಟ್ಟಿಗೆ ಬ್ರೌಸ್‌ನ ನಿಜವಾದ ಲಾಭ ಇದೇ.

ಒಂದು ಎಚ್ಚರಿಕೆ. ‘ಕನ್ನಡ ಫಿಕ್ಷನ್’ ಒತ್ತಿದರೆ ಕಾದಂಬರಿಗಳೆಲ್ಲ ಸಾಲಾಗಿ ಬರುತ್ತವೆ ಅಂದುಕೊಳ್ಳಬೇಡಿ. ಅಲ್ಲಿರುವುದು ಹೆಚ್ಚಾಗಿ ಸಂಕಲನ, ವಿಮರ್ಶೆ. ಬಿಡಿ ಕಾದಂಬರಿಗೆ ವಿಷಯ ಶೀರ್ಷಿಕೆಯನ್ನೇ ಕೊಡದ ರೂಢಿ ಹಳೆಯದು. ಕಾದಂಬರಿ ಬೇಕಿದ್ದರೆ ‘ಆಥರ್ ಬ್ರೌಸ್’ಗೆ ಹೋಗಿ ಲೇಖಕರ ಹೆಸರು ಕೊಡಿ, ಆದರೆ ಇನಿಷಿಯಲ್ ಅನ್ನು ಹೆಸರಿನ ಮೊದಲಿಗೆ ಹಾಕಬೇಡಿ.