ಜಡಿಮಳೆಯಲ್ಲಿ ಕೋಳಿಮರಿ: ಮೊದಲ ವಾರಗಳ ಟಿಪ್ಪಣಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಮೊದಲ ಸಲ 20 ಗಿರಿರಾಜ ತಳಿಯ ಕೋಳಿಮರಿಗಳು ಬಂದದ್ದು ಆಷಾಢದಲ್ಲಿ. ಮೊದಲ ರಾತ್ರಿಯೇ ಮೂರು ಸತ್ತವು. ತಟ್ಟೆಯ ತುಂಬ ಮೇವಿತ್ತು, ನೀರೂ ಇತ್ತು. ಸಾಲದೆ ಹೋದದ್ದು ಕಾವು. ಹೊಸದಾಗಿ ಸಾಕುವವರು ಇದನ್ನೇ ಮೊದಲು ಕಲಿಯಬೇಕು.

ಮೊಟ್ಟೆಯೊಡೆಯುವ ಹೊತ್ತಿಗೆ ಉಳಿದ ಹಳದಿ ಲೋಳೆಯನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಎರಡು ದಿನದ ಪ್ರಯಾಣವನ್ನು ಅದು ತಾಳಿಕೊಳ್ಳುವುದು ಈ ಬುತ್ತಿಯ ಬಲದಿಂದ. ಆದರೆ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಹೇಂಟೆ ರೆಕ್ಕೆಯಡಿಗೆ ಸೇರಿಸಿಕೊಂಡು ಮಾಡುವ ಕೆಲಸವನ್ನು ಇಲ್ಲಿ ನಾವು ಮಾಡಬೇಕು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು.

ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ತಂತಿ ಕಾಯುವ ಹಳೆಯ ಮಾದರಿಯ 60 ವಾಟ್ ಬಲ್ಬುಗಳನ್ನೇ ಹುಡುಕಿ ತನ್ನಿ. ಎರಡು ತೂಗುಹಾಕಿ, ಒಂದು ಸುಟ್ಟುಹೋದರೆ ಇನ್ನೊಂದು ಇರುತ್ತದೆ. ಪೆಟ್ಟಿಗೆಯ ರಟ್ಟಿಗಾಗಲಿ ಕೆಳಗೆ ಹಾಸಿದ ಹೊಟ್ಟಿಗಾಗಲಿ ಬಲ್ಬ್ ತಾಗದಂತೆ ಬಿಗಿಯಾಗಿ ಕಟ್ಟಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅದಕ್ಕೆ ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಮರಿಗಳ ನಡುವೆ ಇಡುತ್ತೇವೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡುವುದು ಬೇಡವೇ ಬೇಡ; ಅದರ ವಿಷಗಾಳಿ ಮರಿಗಳನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ.

ಕಾವು ಸರಿಯಿದೆಯೇ ಎಂಬುದನ್ನು ಮರಿಗಳೇ ತೋರಿಸುತ್ತವೆ. ಬಲ್ಬಿನಡಿ ಒಂದರ ಮೇಲೊಂದು ಒತ್ತಿಕೊಂಡು ಚೀರುತ್ತಿದ್ದರೆ ಚಳಿ. ಅಂಚಿಗೆ ಸರಿದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಸೇರಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ನಾನು ಮಲಗುವ ಮುನ್ನ ಒಂದು ಮರಿಯನ್ನು ಎತ್ತಿ ಅದರ ಪಾದವನ್ನು ಕೆನ್ನೆಗೆ ತಾಗಿಸಿ ನೋಡುತ್ತೇನೆ. ಪಾದ ತಣ್ಣಗಿದ್ದರೆ ಬಲ್ಬನ್ನು ಇನ್ನಷ್ಟು ಕೆಳಗಿಳಿಸುತ್ತೇನೆ. ಆಗಲೇ ಕತ್ತಿನ ಬುಡದ ಕಾಳಿನ ಚೀಲವನ್ನೂ ಬೆರಳಿನಿಂದ ಮುಟ್ಟುತ್ತೇನೆ: ತುಂಬಿ ಮೆತ್ತಗಿದ್ದರೆ ನೆಮ್ಮದಿ, ಗಟ್ಟಿಯಾಗಿದ್ದರೆ ಮರಿ ನೀರು ಕುಡಿದಿಲ್ಲ.

ಬಂದ ಕೂಡಲೇ ಒಂದೊಂದರ ಕೊಕ್ಕನ್ನೂ ಉಗುರುಬೆಚ್ಚಗಿನ ನೀರಿಗೆ ತಾಗಿಸಿ ಕುಡಿಯುವುದನ್ನು ಕಲಿಸಿ. ನೀರಿನ ತಟ್ಟೆಯಲ್ಲಿ ಹೊಳೆಯ ಗುಂಡುಕಲ್ಲು ಹರವಿದರೆ ಮರಿ ಒಳಗೆ ಬಿದ್ದು ಒದ್ದೆಯಾಗುವುದಿಲ್ಲ. ಮೇವಿಗೆ ಅಂಗಡಿಯ ಮರಿ ಆಹಾರವೇ ಸರಿ. ಬರೀ ನುಚ್ಚಿನಲ್ಲಿ ಬೆಳವಣಿಗೆಗೆ ಬೇಕಾದಷ್ಟು ಪ್ರೋಟೀನ್ ಇಲ್ಲ.

ನಮ್ಮ ಮಲೆನಾಡಿನಲ್ಲಿ ಚಳಿಯಷ್ಟೇ ಭಯ ತೇವದ್ದು. ಭತ್ತದ ಹೊಟ್ಟನ್ನು ಎರಡು ಇಂಚು ಹರಡಿ, ಒದ್ದೆಯಾದ ಜಾಗವನ್ನು ಅಂದಂದೇ ತೆಗೆಯಿರಿ. ಬರೀ ಪೇಪರ್ ಹಾಸಿದರೆ ಜಾರಿ ಕಾಲುಗಳು ಎರಡೂ ಬದಿಗೆ ಚಾಚಿಕೊಳ್ಳುತ್ತವೆ. ತೇವದಲ್ಲಿ ರಕ್ತಭೇದಿಯ ರೋಗಾಣು ಹೆಚ್ಚುತ್ತದೆ; ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಹಿಕ್ಕೆ ಒಣಗಿ ಹಿಂಭಾಗ ಮುಚ್ಚಿಕೊಂಡಿದ್ದರೆ ಕೀಳಬೇಡಿ, ಬಿಸಿನೀರಿನ ಹತ್ತಿಯಿಂದ ನೆನೆಸಿ ಬಿಡಿಸಿ, ಒರೆಸಿ ಕಾವಿಗೆ ಬಿಡಿ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) 5ರಿಂದ 7ನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸಿಕೆ; ಮರಿಗಳ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಗುಂಬೊರೊ ರೋಗದ ಲಸಿಕೆ ಸುಮಾರು 14ನೇ ದಿನ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಬೇಗ ಹಾಕಿ ಮುಗಿಸಬೇಕು. ಒಂದು ಸೀಸೆ ನೂರಾರು ಮರಿಗಳಿಗೆ ಆಗುವುದರಿಂದ ನಾವು ಅಕ್ಕಪಕ್ಕದ ಮನೆಯವರು ಸೇರಿ ಒಂದೇ ದಿನ ಹಾಕಿಸುತ್ತೇವೆ.

ಗರಿ ತುಂಬಿದ ಮೇಲೆ, ಸುಮಾರು ಐದನೇ ವಾರಕ್ಕೆ, ಬಿಸಿಲು ಕಂಡ ಹಗಲಿನಲ್ಲಿ ಅಂಗಳಕ್ಕೆ ಬಿಡುತ್ತೇನೆ. ಸಂಜೆ ಗೂಡಿಗೆ ಕೂಡುವಾಗ ಎಣಿಸಿ, ತಳದ ಸಂದುಗಳನ್ನು ಸಣ್ಣ ಕಣ್ಣಿನ ಜಾಲರಿಯಿಂದ ಮುಚ್ಚುತ್ತೇನೆ, ಮುಂಗುಸಿ ನುಸುಳಲು ಅಂಗೈಯಗಲದ ಜಾಗ ಸಾಕು.