ಭೂಮಿ ಬಿಸಿ ಮಾಡಿದ್ದು ಮನುಷ್ಯನೇ, ಆದ್ರೆ ಯಾವ ಮನುಷ್ಯ?

2023ರ ಮಳೆಗಾಲವನ್ನು ಮಲೆನಾಡಿನಲ್ಲಿ ಯಾರೂ ಮರೆತಿರಲಿಕ್ಕಿಲ್ಲ. ಜೂನ್ ತಿಂಗಳು ಒಣಗಿಕೊಂಡೇ ಹೋಯಿತು. ಜುಲೈನಲ್ಲಿ ಒಂದಿಷ್ಟು ಬಂತು. ಆಗಸ್ಟ್ ಮತ್ತೆ ಒಣ. ಇಡೀ ದೇಶದ ಲೆಕ್ಕ ತೆಗೆದರೆ 1901ರಿಂದ ಈಚೆಗೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇನ್ನೊಂದಿಲ್ಲ. ಮರುವರ್ಷ ಪೂರ್ತಿ ಉಲ್ಟಾ. ಜುಲೈನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಅಡಿಕೆಗೆ ಕೊಳೆರೋಗ ತಗಲದ ಹಾಗೆ ಎರಡನೇ ಸಲದ ಔಷಧಿ ಹೊಡೆಯೋಕೆ ಒಂದು ದಿನ ಹೊಳವಾಗಲಿ ಅಂತ ಮರ ಹತ್ತುವ ಕೊನೆಗೌಡನೂ ನಾವೂ ಆಕಾಶ ನೋಡುತ್ತಾ ಕೂತಿದ್ದಾಗಲೇ ಮರದ ಬುಡದಲ್ಲಿ ಎಳೆಕಾಯಿ ಉದುರಿ ಬಿದ್ದಿತ್ತು.

ಆ ಮಳೆಗಾಲದಲ್ಲೇ ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಒಂದು ಕಾರ್ಯಕ್ಕೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕವಳ ಹಾಕುತ್ತಾ ಕೂತವರ ಬಾಯಲ್ಲಿ ಇದೇ ಮಾತು: ಮನುಷ್ಯ ಬಿಟ್ಟ ಹೊಗೆಯಿಂದ ಭೂಮಿ ಬಿಸಿಯಾಗಿ ಮಳೆ ಹೀಗಾಗಿದೆ ಅನ್ನುತ್ತಾರಲ್ಲ, ನಿಜವಾ? ಮನೆಯ ಹಿರಿಯರು, 'ಇದೆಲ್ಲ ಕಾಲಚಕ್ರ, ನಮ್ಮಜ್ಜನ ಕಾಲದಲ್ಲೂ ಬರ ಬಂದಿತ್ತು, ನೆರೆ ಬಂದಿತ್ತು, ಮನುಷ್ಯನಿಂದ ಏನಾಗುತ್ತೆ' ಅಂದರು. ಪಕ್ಕದವರು, 'ಕಾಡು ಕಡಿದು ಅಕೇಶಿಯಾ ನೆಟ್ಟರೆ ಮಳೆ ಎಲ್ಲಿಂದ ಬರಬೇಕು' ಅಂದರು. ಇನ್ನೊಬ್ಬರು ಶರಾವತಿ ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಕಳೆದುಕೊಂಡ ಕುಟುಂಬದವರು. ಅವರಿಗೆ ಸಿಟ್ಟೇ ಬಂತು. 'ಇದು ನಮ್ಮನ್ನು ಮತ್ತೊಂದು ಸಲ ಎಬ್ಬಿಸೋಕೆ ಕಟ್ಟಿದ ಕಥೆ' ಅಂದುಬಿಟ್ಟರು. ನನ್ನ ಹತ್ತಿರ ಆವತ್ತು ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ. ಮೂವರ ಮಾತಿಗೂ ಒಂದೊಂದು ಹಿನ್ನೆಲೆ ಇದೆ ಅಂತ ಗೊತ್ತಾಯಿತು.

ಮೊದಲನೆಯದಾಗಿ, ಭೂಮಿ ಬಿಸಿಯಾಗುತ್ತದೆ ಅನ್ನುವುದು ಮೊನ್ನೆ ಮೊನ್ನೆ ಹುಟ್ಟಿದ ವಿಚಾರವೇ ಅಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಹೆಂಗಸು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಜಾಸ್ತಿ ಕಾಯಿತು, ಆರೋಕೂ ಜಾಸ್ತಿ ಹೊತ್ತು ತೆಗೆದುಕೊಂಡಿತು. ಮೂರೇ ವರ್ಷಕ್ಕೆ ಜಾನ್ ಟಿಂಡಲ್ ಅದನ್ನು ಇನ್ನೂ ಕರಾರುವಾಕ್ಕಾಗಿ ಅಳೆದರು. ನೆಲ ಹೊರಗೆ ಬಿಡುವ ಶಾಖವನ್ನು ಈ ಅನಿಲ ಹಿಡಿದಿಡುತ್ತದೆ, ಕಂಬಳಿ ಮೈಯ ಬಿಸಿ ಹಿಡಿದಿಡುವ ಹಾಗೆ. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, ಗಾಳಿಯಲ್ಲಿ ಈ ಅನಿಲ ದುಪ್ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಅಂತ ಕೈಯಲ್ಲೇ ಲೆಕ್ಕ ಹಾಕಿದರು. ಚಳಿ ದೇಶದವರು, ಬಿಸಿಯಾದರೆ ಒಳ್ಳೆಯದೇ ಅಂದುಕೊಂಡಿದ್ದರು.

1938ರಲ್ಲಿ ಗೈ ಕ್ಯಾಲೆಂಡರ್ ಎಂಬ ಇಂಗ್ಲಿಷ್ ಎಂಜಿನಿಯರ್ ಹವಾಮಾನ ಕೇಂದ್ರಗಳ ಹಳೆಯ ದಾಖಲೆ ಒಟ್ಟು ಮಾಡಿ, ಭೂಮಿ ಆಗಲೇ ಬಿಸಿಯಾಗುತ್ತಿದೆ, ಕಲ್ಲಿದ್ದಲಿನ ಹೊಗೆಯೇ ಕಾರಣ ಅಂದರು. ದೊಡ್ಡ ವಿಜ್ಞಾನಿಗಳು ನಂಬಲಿಲ್ಲ. ಆ ಕಾಲದ ಅನುಮಾನ ಪ್ರಾಮಾಣಿಕವಾದದ್ದು, ಅದನ್ನು ನಾನು ಗೌರವಿಸುತ್ತೇನೆ. ಸಮುದ್ರ ಇದೆಯಲ್ಲ, ಅಷ್ಟೂ ಹೊಗೆಯನ್ನು ಅದೇ ಕುಡಿದುಬಿಡುತ್ತೆ ಅನ್ನೋದು ಅವರ ವಾದ. ಅಳೆದು ನೋಡದೆ ಯಾರು ಸರಿ ಅಂತ ಹೇಳೋಕಾಗುತ್ತಿರಲಿಲ್ಲ.

ಅಳೆದವರು ಚಾರ್ಲ್ಸ್ ಡೇವಿಡ್ ಕೀಲಿಂಗ್. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿ ಅಳೆಯೋಕೆ ಶುರು ಮಾಡಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 315 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದು ಸುಮಾರು 280. ಈಗ 420 ದಾಟಿದೆ. ಒಂದು ವರ್ಷವೂ ಏರುವುದು ನಿಂತಿಲ್ಲ.

ಸರಿ, ಏರಿದೆ. ಅದು ನಾವೇ ಬಿಟ್ಟದ್ದು ಅನ್ನೋಕೆ ಸಾಕ್ಷಿ ಏನು? ನನಗೆ ತುಂಬಾ ಹಿಡಿಸಿದ ಭಾಗ ಇದು. ಬದುಕಿರುವ ಗಿಡಮರಗಳ ಇಂಗಾಲದಲ್ಲಿ ಇಂಗಾಲ-14 ಅಂತ ಒಂದು ಬಗೆ ಚೂರೇ ಚೂರು ಇರುತ್ತದೆ. ಅದು ಕಾಲ ಕಳೆದ ಹಾಗೆ ಸವೆಯುತ್ತದೆ. ಕಲ್ಲಿದ್ದಲು, ಪೆಟ್ರೋಲು ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು, ಅದರಲ್ಲಿ ಇಂಗಾಲ-14 ಒಂದು ಚೂರೂ ಉಳಿದಿರುವುದಿಲ್ಲ. 1950ರ ದಶಕದಲ್ಲಿ ಹಾನ್ಸ್ ಸೂಸ್ ಎಂಬ ವಿಜ್ಞಾನಿ ಮರದ ವರ್ಷದುಂಗುರಗಳನ್ನು ಪರೀಕ್ಷೆ ಮಾಡಿದಾಗ, ಹಳೆಯ ಉಂಗುರಗಳಿಗಿಂತ 20ನೇ ಶತಮಾನದ ಉಂಗುರಗಳಲ್ಲಿ ಅದರ ಪಾಲು ಕಡಿಮೆಯಾಗಿತ್ತು. ಗಾಳಿಗೆ ಎಲ್ಲಿಂದಲೋ ಹಳೆಯ, ಸತ್ತ ಇಂಗಾಲ ಬಂದು ಬೆರೆತಿತ್ತು. ಹಾಲಿಗೆ ನೀರು ಬೆರೆಸಿದರೆ ಡೇರಿಯಲ್ಲಿ ಗೊತ್ತಾಗುವ ಹಾಗೆ ಇದೂ ಗೊತ್ತಾಯಿತು. ಇನ್ನು ಸೂರ್ಯನೇ ಕಾರಣ ಅನ್ನುವವರಿದ್ದಾರೆ. ಸೂರ್ಯ ಜಾಸ್ತಿ ಕಾಯುತ್ತಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು ಅಲ್ವಾ? ಆಗಿರುವುದು ಬೇರೆ. ಕೆಳಗೆ ಬಿಸಿಯಾಗುತ್ತಿದೆ, ಮೇಲೆ ತಣ್ಣಗಾಗುತ್ತಿದೆ. ಕಂಬಳಿ ಹೊದ್ದರೆ ಒಳಗೆ ಬೆಚ್ಚಗೆ, ಹೊರಗೆ ಚಳಿ.

ಕಾಲಚಕ್ರ ಅಂದ ಹಿರಿಯರಿಗೆ ನಮ್ಮ ತೋಟದ್ದೇ ಉದಾಹರಣೆ ಕೊಡಬಹುದು. ಅಡಿಕೆಯ ಕೊಳೆರೋಗಕ್ಕೆ ಮಳೆಯೇ ಕಾರಣ ಅಂತ ನಾವು ಈಗಲೂ ಮಾತಿಗೆ ಅನ್ನುತ್ತೇವೆ. ಮಳೆ ಜಾಸ್ತಿಯಾದರೆ ಕೊಳೆ ಜಾಸ್ತಿ, ಅದು ಸುಳ್ಳಲ್ಲ. ಆದರೆ ಮೈಸೂರು ಸರ್ಕಾರದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗದ ಬೆನ್ನು ಹತ್ತಿ, ಕಾಯಿ ಕೊಳೆಸುವುದು ಕಣ್ಣಿಗೆ ಕಾಣದ ಬೂಸ್ಟಿನಂಥ ಒಂದು ಜೀವಿ, ಮಳೆ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ ಅಷ್ಟೇ ಅಂತ ತೋರಿಸಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆ ಬಂದದ್ದು ಅವರಿಂದ. ಮಳೆ ಹಿಂದೆಯೂ ಇತ್ತು ಅಂತ ಸುಮ್ನೆ ಕೂತಿದ್ದರೆ ಔಷಧಿ ಸಿಗುತ್ತಿರಲಿಲ್ಲ. ಬರ, ನೆರೆ ಹಿಂದೆಯೂ ಇದ್ದವು ನಿಜ. 2023ರ ಬರಕ್ಕೆ ಪೆಸಿಫಿಕ್ ಸಮುದ್ರದ ನೀರು ಆಗಾಗ ಬಿಸಿಯೇರುವ ಎಲ್ ನಿನೊ ಕೂಡ ಕಾರಣ, ಅದು ಮನುಷ್ಯ ಮಾಡಿದ್ದಲ್ಲ. ಅಷ್ಟಕ್ಕೆ ಗಾಳಿಯಲ್ಲಿ ಸೇರಿದ ಹೊಗೆ ಇಲ್ಲವಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಜಗಳ ಯಾಕೆ ಮುಗಿಯಲಿಲ್ಲ? 1988ರ ಜೂನ್‌ನಲ್ಲಿ ನಾಸಾದ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಮುಂದೆ ನಿಂತು, ಬಿಸಿ ಏರುತ್ತಿರುವುದು ಕಾಣುತ್ತಿದೆ ಎಂದು ಸಾಕ್ಷಿ ಹೇಳಿದರು. ಅದೇ ವರ್ಷ ವಿಶ್ವಸಂಸ್ಥೆಯ ಅಡಿಯಲ್ಲಿ, ಹವಾಮಾನ ಬದಲಾವಣೆಯ ವಿಜ್ಞಾನವನ್ನು ಪರಿಶೀಲಿಸಿ ವರದಿ ಕೊಡುವ ಐಪಿಸಿಸಿ ಹುಟ್ಟಿತು. ಮರುವರ್ಷವೇ ಅಲ್ಲಿನ ಎಣ್ಣೆ, ಕಲ್ಲಿದ್ದಲು, ಕಾರು ಕಂಪನಿಗಳು ಒಂದು ಕೂಟ ಕಟ್ಟಿಕೊಂಡು, ವಿಜ್ಞಾನ ಇನ್ನೂ ಖಚಿತವಾಗಿಲ್ಲ ಅಂತ ಹೇಳುತ್ತಾ ತಿರುಗಿದವು. ನೋವಾಗುವುದು ಇಲ್ಲಿ. ಎಕ್ಸಾನ್ ಎಂಬ ಎಣ್ಣೆ ಕಂಪನಿಯ ಸ್ವಂತ ವಿಜ್ಞಾನಿಗಳೇ 1970ರ ದಶಕದ ಕೊನೆಯಿಂದ ಈ ಲೆಕ್ಕ ಹಾಕುತ್ತಾ ಬಂದಿದ್ದರು, ಅವರ ಲೆಕ್ಕ ಬಹಳ ಮಟ್ಟಿಗೆ ಸರಿಯಾಗಿಯೇ ಇತ್ತು ಅಂತ 2023ರ ಅಧ್ಯಯನವೊಂದು ತೋರಿಸಿತು. 1998ರಲ್ಲಿ ಎಣ್ಣೆ ಉದ್ಯಮದ ಒಳಗಿನ ಒಂದು ಯೋಜನಾ ಪತ್ರ ಹೊರಬಿತ್ತು. ಸಾಮಾನ್ಯ ಜನರ ತಲೆಯಲ್ಲಿ ಅನುಮಾನ ಕೂತರೆ ಅದೇ ಗೆಲುವು ಅನ್ನುವುದು ಅದರ ಸಾರ. ಕ್ಯಾಲೆಂಡರ್ ಕಾಲದ ಅನುಮಾನವೇ ಬೇರೆ, ದುಡ್ಡು ಕೊಟ್ಟು ಬಿತ್ತಿದ ಈ ಅನುಮಾನವೇ ಬೇರೆ.

ವಿಜ್ಞಾನಿಗಳು ಮಾತ್ರ ಹೆಜ್ಜೆ ಹೆಜ್ಜೆಗೆ ಅಳೆದೇ ಮಾತಾಡಿದರು. ಮನುಷ್ಯನ ಕೈವಾಡ ಕಾಣುವ ಹಾಗಿದೆ ಅಂತ 1995ರಲ್ಲಿ ಅಂದ ಐಪಿಸಿಸಿ, 2007ರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಖಚಿತ ಅಂದಿತು. 2013ರಲ್ಲಿ 95. ಸಂಶಯವೇ ಇಲ್ಲ ಅಂದದ್ದು 2021ರಲ್ಲಿ. ನಡುವೆ ತಪ್ಪುಗಳೂ ಆದವು. ಹಿಮಾಲಯದ ಹಿಮನದಿಗಳು 2035ಕ್ಕೇ ಕರಗಿಹೋಗಬಹುದು ಅಂತ ವರದಿಯಲ್ಲಿ ಸೇರಿದ್ದ ಸಾಲು ತಪ್ಪು ಅಂತ 2010ರಲ್ಲಿ ಒಪ್ಪಿಕೊಳ್ಳಬೇಕಾಯಿತು. ನಮ್ಮ ದೇಶದಲ್ಲಿ ಅನುಮಾನ ಪಡುವವರು ಈಗಲೂ ಎತ್ತುವುದು ಅದನ್ನೇ. ಆ ತಪ್ಪು ದೊಡ್ಡದೇ, ಆದರೆ ಕೀಲಿಂಗ್ ಅಳತೆಯಾಗಲಿ ಸೂಸ್ ನೋಡಿದ ಮರದ ಉಂಗುರವಾಗಲಿ ಅದರಿಂದ ಬದಲಾಗಲಿಲ್ಲ.

ಇನ್ನು ನಮ್ಮ ದೇಶದ ಜಗಳ. ಮನುಷ್ಯ ಕಾರಣವೋ ಅಲ್ಲವೋ ಅನ್ನುವುದಕ್ಕಿಂತ, ಯಾವ ಮನುಷ್ಯ ಅನ್ನುವುದು ಇಲ್ಲಿ ಮೊದಲಿಂದ ದೊಡ್ಡ ಪ್ರಶ್ನೆ. 1990ರ ಸುಮಾರಿಗೆ ಅಮೆರಿಕದ ವರದಿಗಳು ಭಾರತದ ಭತ್ತದ ಗದ್ದೆ, ದನಕರುಗಳಿಂದ ಏಳುವ ಮೀಥೇನ್ ಎಂಬ, ಅದೂ ಶಾಖ ಹಿಡಿದಿಡುವ ಅನಿಲದ ಲೆಕ್ಕ ಹಿಡಿದು ನಮ್ಮನ್ನೂ ದೊಡ್ಡ ತಪ್ಪಿತಸ್ಥರ ಸಾಲಿನಲ್ಲಿ ಕೂರಿಸಿದವು. ದೆಹಲಿಯ ವಿಜ್ಞಾನಿ ಎ.ಪಿ. ಮಿತ್ರ ಮತ್ತು ಅವರ ಜೊತೆಗಾರರು ಗದ್ದೆಗಳಿಗೇ ಇಳಿದು ಅಳೆದರು. ಗದ್ದೆಯ ಮೀಥೇನ್ ಆ ಅಂದಾಜಿನ ಸುಮಾರು ಹತ್ತನೇ ಒಂದು ಪಾಲು ಅಂತ ಬಂತು. 1991ರಲ್ಲಿ ಪರಿಸರವಾದಿಗಳಾದ ಅನಿಲ್ ಅಗರ್ವಾಲ್, ಸುನೀತಾ ನಾರಾಯಣ್ ಕೇಳಿದ್ದು ಇಷ್ಟೇ: ಹೊಟ್ಟೆಪಾಡಿಗೆ ಗದ್ದೆ ಮಾಡುವವನ ಹೊಗೆಯೂ ಶೋಕಿಗೆ ಕಾರು ಓಡಿಸುವವನ ಹೊಗೆಯೂ ಒಂದೇನಾ? ಈಗಲೂ ಒಬ್ಬ ಅಮೆರಿಕನ್ನನ ಪಾಲಿಗೆ ವರ್ಷಕ್ಕೆ 14 ಟನ್ ಆಸುಪಾಸು ಇಂಗಾಲದ ಡೈಆಕ್ಸೈಡ್ ಬಂದರೆ ಭಾರತೀಯನ ಪಾಲಿಗೆ ಸುಮಾರು 2 ಟನ್.

ಕಾಡು ಕಡಿದದ್ದೇ ಕಾರಣ ಅಂದವರ ಮಾತೂ ಅರ್ಧ ನಿಜ. ಮುಂಗಾರಿನ ನೀರು ಬಹುಪಾಲು ಸಮುದ್ರದ್ದು. ಬಿದ್ದ ಮಳೆಯನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳ ಹರಿಸುವುದು ಕಾಡು. ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1901ರಿಂದ 2018ರ ಒಳಗೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ನೂರಕ್ಕೆ 6ರಷ್ಟು ಇಳಿದಿದೆ, ಪಶ್ಚಿಮ ಘಟ್ಟದಲ್ಲಿ ಇಳಿಕೆ ಎದ್ದು ಕಾಣುತ್ತದೆ. ಗಾಳಿಯಲ್ಲಿ ತೇಲುವ ಹೊಗೆಯ ಕಣಗಳು ಬಿಸಿಲನ್ನು ತಡೆದದ್ದು ಅದಕ್ಕೆ ಒಂದು ಕಾರಣ ಅನ್ನುತ್ತದೆ ಆ ವರದಿ. ಅದೂ ಮನುಷ್ಯ ಎಬ್ಬಿಸಿದ ಹೊಗೆಯೇ. ಜೊತೆಗೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ, ಹಾಗಾಗಿ ಬಂದಾಗ ಒಂದೇ ಸಲಕ್ಕೆ ಸುರಿಯುತ್ತದೆ.

ಮುಳುಗಡೆಯವರ ಸಿಟ್ಟೇ ನನ್ನನ್ನು ಜಾಸ್ತಿ ಕಾಡಿದ್ದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಕರೆಂಟು ಕೊಟ್ಟ ಊರುಗಳ ಜನ ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಪಶ್ಚಿಮ ಘಟ್ಟ ಉಳಿಸುವುದು ಹೇಗೆ ಅಂತ 2011ರಲ್ಲಿ ಗಾಡ್ಗೀಳ್ ವರದಿ ಬಂತು, 2013ರಲ್ಲಿ ಕಸ್ತೂರಿರಂಗನ್ ವರದಿ. ಎರಡೂ ಊರಿನ ಜನರ ಭಾಷೆಯಲ್ಲಿ ಸರಿಯಾಗಿ ಅವರ ಕೈಗೆ ತಲುಪಲಿಲ್ಲ, ಒಕ್ಕಲೆಬ್ಬಿಸುತ್ತಾರಂತೆ ಅನ್ನುವ ಸುದ್ದಿ ಮಾತ್ರ ಮನೆಮನೆಗೆ ತಲುಪಿತು. ಅಲ್ಲಿಂದ ಪರಿಸರ ಅನ್ನುವ ಮಾತೇ ಬೆದರಿಕೆಯ ಹಾಗೆ ಕೇಳತೊಡಗಿತು. ಇವರ ಅನುಮಾನ ಎಣ್ಣೆ ಕಂಪನಿ ಬಿತ್ತಿದ್ದಲ್ಲ, ಅನುಭವದಿಂದ ಹುಟ್ಟಿದ್ದು. ವಿಜ್ಞಾನದ ಬಗ್ಗೆ ಅವರು ಹೇಳಿದ್ದು ತಪ್ಪು ಅಂತ ನಾನು ಈಗ ಹೇಳಬಲ್ಲೆ, ಆದರೆ ಸಿಟ್ಟು ತಪ್ಪು ಅಂತ ಹೇಳಲಾರೆ.

ಈಗ ಅದೇ ಶರಾವತಿ ಕಣಿವೆಗೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಸೋಲಾರ್ ಕರೆಂಟು ಜಾಸ್ತಿ ಇರುವ ಹೊತ್ತಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವ ಏರ್ಪಾಡು. ಕಲ್ಲಿದ್ದಲು ಕಡಿಮೆ ಮಾಡೋಕೆ ಇಂಥದ್ದು ಬೇಕು ಅನ್ನುವುದು ಒಂದು ಕಡೆಯ ವಾದ. ಅದಕ್ಕಾಗಿ ಸಿಂಗಳೀಕಗಳ ಅಭಯಾರಣ್ಯದೊಳಗೆ ಸಾವಿರಾರು ಮರ ಹೋಗುತ್ತವೆ, ಗುಡ್ಡ ಕೊರೆಯುತ್ತಾರೆ ಅನ್ನುವುದು ಊರಿನವರ ಸಂಕಟ. ಮೊನ್ನೆ ತೀರ್ಥಹಳ್ಳಿ ಕಡೆ ಹೋದಾಗ ಆ ಜಗಲಿಯಲ್ಲಿ ಮತ್ತೆ ಮಾತು ಬಂತು. ನಾನು ಓದಿದ್ದನ್ನೆಲ್ಲ ಹೇಳಿದೆ. ಕಾಲಚಕ್ರ ಅಂದಿದ್ದ ಹಿರಿಯರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, 'ಆಯ್ತು ಮಾರಾಯ, ಮನುಷ್ಯ ಮಾಡಿದ್ದೇ ಅಂತ ಇಟ್ಟುಕೊಳ್ಳೋಣ. ಆ ಕರೆಂಟು ಯಾವ ಊರಿಗೆ ಹೋಗುತ್ತೆ?' ಅಂದರು.